ಬಿಡಿವಿ ಪರೀಕ್ಷೆಯೊಂದೇ ಸಾಲದು
ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಡಿವಿ (ಬ್ರೇಕ್‌ಡೌನ್ ವೋಲ್ಟೇಜ್, ಅಂದರೆ ಎಣ್ಣೆಯ ನಿರೋಧಕ ಶಕ್ತಿ ಮುರಿದುಬೀಳುವ ವೋಲ್ಟೇಜ್) ಸರಿಯಿದ್ದರೆ ಚಿಂತೆಯಿಲ್ಲ ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. ಆ ಪರೀಕ್ಷೆ ಮುಖ್ಯವಾಗಿ ತೇವಾಂಶ, ಕಸವನ್ನು ತೋರಿಸುತ್ತದೆಯೇ ಹೊರತು ಒಳಗೆ ನಡೆಯುತ್ತಿರುವ ದೋಷವನ್ನಲ್ಲ. ಪಾರ್ಶಿಯಲ್ ಡಿಸ್ಚಾರ್ಜ್ (ನಿರೋಧಕದ ಒಂದು ಭಾಗದಲ್ಲಷ್ಟೇ ಆಗುವ ಸಣ್ಣ ವಿದ್ಯುತ್ ವಿಸರ್ಜನೆ) ಆದಾಗ ಎಣ್ಣೆಯ ಅಣುಗಳು ಒಡೆದು ಹೆಚ್ಚಾಗಿ ಹೈಡ್ರೋಜನ್, ಎಣ್ಣೆ ವಿಪರೀತ ಕಾದಾಗ ಎಥಿಲೀನ್, ಆರ್ಕ್ (ಪ್ರಬಲ ವಿದ್ಯುತ್ ಕಿಡಿ) ಹೊತ್ತಿ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಗಣನೀಯವಾಗಿ ಅಸಿಟಿಲೀನ್ ಹುಟ್ಟಿ ಎಣ್ಣೆಯಲ್ಲೇ ಕರಗಿರುತ್ತವೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ ಬಿಡಿವಿ ಇಳಿದೊಡನೆ ಎಣ್ಣೆಯನ್ನು ಫಿಲ್ಟರ್ ಮಾಡಿಸಿ ನಿಶ್ಚಿಂತರಾಗುತ್ತಾರೆ. ಆದರೆ ಫಿಲ್ಟರ್ ಯಂತ್ರದ ನಿರ್ವಾತದಲ್ಲಿ ತೇವಾಂಶದೊಂದಿಗೆ ಈ ಅನಿಲಗಳೂ ಹೊರಟುಹೋಗುವುದರಿಂದ, ಬಿಡಿವಿ ಏರಿದರೂ ಒಳಗಿನ ಸಡಿಲ ಜಾಯಿಂಟಿನಂಥ ದೋಷ ಹಾಗೆಯೇ ಉಳಿದು, ಅದರ ಸುಳಿವು ಮಾತ್ರ ಅಳಿಸಿಹೋಗುತ್ತದೆ. ದಯವಿಟ್ಟು ಫಿಲ್ಟರ್ ಮಾಡಿಸುವ ಮೊದಲೇ, ಗಾಳಿ ಸೇರದಂತೆ ಗಾಜಿನ ಸಿರಿಂಜಿನಲ್ಲಿ ಮಾದರಿ ತೆಗೆದು, ನಮ್ಮ ಊರಿನಲ್ಲೇ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐನಂಥ ಪ್ರಯೋಗಾಲಯದಲ್ಲಿ ಕರಗಿದ ಅನಿಲಗಳ ಪರೀಕ್ಷೆ ಮಾಡಿಸಿ.