ನಮ್ಮ ಮನೆಯ ಬೆಸ ಗಾಡಿಗಳು

ನಮ್ಮ ಮನೆಯಲ್ಲಿ ಒಂದು ಜೀಪು, ಒಂದು ಕಾರು, ಒಂದು ಪಿಕಪ್ ಇವೆ. ಮೂರರ ನಂಬರೂ ಕೆಎ-12ರಿಂದ ಶುರುವಾಗಿ 9ರಲ್ಲಿ ಮುಗಿಯುತ್ತದೆ. ಒಂಬತ್ತು ನಮ್ಮ ಚಿಕ್ಕಪ್ಪನ ಅದೃಷ್ಟ ಸಂಖ್ಯೆ. ಆ ನಂಬರಿಗೆಂದು ಕಟ್ಟಿದ ದುಡ್ಡಿನಲ್ಲಿ ಒಂದು ಹಳೇ ಸ್ಕೂಟರ್ ಬರುತ್ತಿತ್ತು ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾರೆ.

ಅಂಥ ಚಿಕ್ಕಪ್ಪನೇ ಒಂದು ಭಾನುವಾರ ರಾತ್ರಿ ಊಟಕ್ಕೆ ಕೂತವರು, “ಮಡಿಕೇರಿಗೆ ಸಮ-ಬೆಸ ಬರಲೇಬೇಕು” ಎಂದು ಘೋಷಿಸಿದರು. ಅವತ್ತು ಸಂಜೆ ಜನರಲ್ ತಿಮ್ಮಯ್ಯ ವೃತ್ತದ ಹತ್ತಿರ ಸಿಕ್ಕಿಹಾಕಿಕೊಂಡಿದ್ದರು. ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಹೊರಟವರ ಸಾಲು. ಸೂರ್ಯ ಮುಳುಗಿ, ನೋಡಿದವರು ವಾಪಸ್ ಹೊರಟರೂ ನಮ್ಮ ಜೀಪು ಮಾತ್ರ ಅಲ್ಲೇ ಇತ್ತಂತೆ. ಮುಂದೆ ಕೆಎ-03, ಹಿಂದೆ ಕೆಎ-51, ಪಕ್ಕದಲ್ಲಿ ಹಾರ್ನ್ ನಿಲ್ಲಿಸದ ಕೆಎ-05, ಎಲ್ಲವೂ ಬೆಂಗಳೂರಿನ ಗಾಡಿಗಳು.

“ನಂಬರ್ ಸಮ ಇದ್ರೆ ಸಮ ತಾರೀಕು, ಬೆಸ ಇದ್ರೆ ಬೆಸ ತಾರೀಕು. ಅರ್ಧ ಗಾಡಿ ರಸ್ತೆಯಲ್ಲೇ ಇರಲ್ಲ. ಸುಲಭ ಅಲ್ವಾ?”

ಊಟಕ್ಕೆ ಬಂದಿದ್ದ ಭಾವ ನಕ್ಕರು. ಸೈನ್ಯದಲ್ಲಿದ್ದ ಅವರು 2016ರಲ್ಲಿ ದೆಹಲಿಯಲ್ಲಿದ್ದರು. ಅಲ್ಲಿನ ಸರ್ಕಾರ ಹೊಗೆ ತಡೆಯಲಾರದೆ ಜನವರಿ 1ರಿಂದ 15ರವರೆಗೆ ಇದನ್ನು ಮಾಡಿ ನೋಡಿತ್ತು. ಬೆಳಿಗ್ಗೆ 8ರಿಂದ ರಾತ್ರಿ 8. ತಪ್ಪಿದರೆ 2000 ರೂಪಾಯಿ ದಂಡ. ಆದರೆ ಬೈಕುಗಳಿಗೆ ವಿನಾಯಿತಿ. ಸಿಎನ್‌ಜಿ ಗಾಡಿಗೂ ವಿನಾಯಿತಿ. ದೊಡ್ಡ ದೊಡ್ಡವರಿಗೆ ಹೇಗೂ ವಿನಾಯಿತಿ. ಹೆಂಗಸು ಒಬ್ಬಳೇ ಓಡಿಸುತ್ತಿದ್ದರೆ, ಅಥವಾ ಜೊತೆಗೆ 12 ವರ್ಷದೊಳಗಿನ ಮಕ್ಕಳಿದ್ದರೆ, ಅವರೂ ಹೋಗಬಹುದಿತ್ತು.

“ಮತ್ತೆ ಭಾನುವಾರ ರಜೆ,” ಎಂದರು ಭಾವ.

“ಯಾರಿಗೆ?”

“ನಿಯಮಕ್ಕೆ.”

ಚಿಕ್ಕಪ್ಪನ ಕೈಯಲ್ಲಿದ್ದ ಕಡುಬು ಅಲ್ಲೇ ನಿಂತಿತು. ನಮ್ಮೂರಿನಲ್ಲಿ ರಸ್ತೆ ಕಟ್ಟಿಕೊಳ್ಳುವುದೇ ಶನಿವಾರ, ಭಾನುವಾರ. ಮಂಗಳವಾರ ಮಧ್ಯಾಹ್ನ ಬೇಕಾದರೆ ರಸ್ತೆಯಲ್ಲಿ ಕಾಫಿ ಒಣಗಿಸಬಹುದು. ಆದರೂ ಅವರು ಸೋಲುವವರಲ್ಲ. “ನಮ್ಮಲ್ಲಿ ಭಾನುವಾರವೂ ಇರ್ಲಿ” ಎಂದು ಅಲ್ಲೇ ತಿದ್ದುಪಡಿ ತಂದರು.

ನನಗೆ ಯಾಕೋ ಲೆಕ್ಕ ಹಾಕುವ ಹುಮ್ಮಸ್ಸು ಬಂತು. ಮಡಿಕೇರಿಗೆ ಜನ ಮುಗಿಬೀಳುವುದು ಡಿಸೆಂಬರ್ 31 ಮತ್ತು ಜನವರಿ 1ಕ್ಕೆ. ಎರಡೂ ಬೆಸ! ಬೆಂಗಳೂರಿನ ಸಮ ಗಾಡಿಗಳು ಕುಶಾಲನಗರದಾಚೆಯೇ ನಿಲ್ಲಬೇಕು. ಬೆಸ ಗಾಡಿಗಳು ಬರಬಹುದು, ಆದರೆ 2ನೇ ತಾರೀಕು ಹೊರಡುವಂತಿಲ್ಲ. ವಿಷಯ ಕೇಳಿದ ಪಕ್ಕದ ಹೋಂಸ್ಟೇಯವರು ಚಿಕ್ಕಪ್ಪನಿಗೆ ಕೈಮುಗಿದದ್ದೊಂದು ಬಾಕಿ. ಶನಿವಾರ ಬಂದವನು ಭಾನುವಾರ ಅಲುಗಾಡುವಂತಿಲ್ಲ ಎಂದರೆ ಇನ್ನೊಂದು ರಾತ್ರಿಯ ಬಾಡಿಗೆ, ಮೇಲೆ ಪಂದಿ ಕರಿ. ಇಷ್ಟು ಒಳ್ಳೆಯ ಕಾನೂನು ಇಷ್ಟು ದಿನ ಎಲ್ಲಿತ್ತು ಮಾರಾಯ ಎಂದು ಅವರು ಕೇಳಿದರು.

ಊರಿಗೆ ಹೇಳುವ ಮೊದಲು ಮನೆಯಲ್ಲಿ ಮಾಡಿ ತೋರಿಸಿ ಎಂದು ಚಿಕ್ಕಮ್ಮ ಪಟ್ಟು ಹಿಡಿದರು. ದಂಡ ದೆಹಲಿಯ ದರದಲ್ಲೇ, ವಸೂಲಿ ಅವರದೇ. ಆಗ ಗೊತ್ತಾಯಿತು ನೋಡಿ ಮೂರು ಒಂಬತ್ತುಗಳ ಮಹಿಮೆ. ಬೆಸ ದಿನ ಮೂರು ಗಾಡಿಯೂ ಹೋಗಬಹುದು, ಓಡಿಸಲು ಜನ ಇಲ್ಲ. ಸಮ ದಿನ ಒಂದೂ ಹೋಗುವಂತಿಲ್ಲ, ಎಲ್ಲರಿಗೂ ಅವತ್ತೇ ಕೆಲಸ.

ಮೊದಲ ಸಮ ದಿನವೇ ಶುಕ್ರವಾರ, ಮಡಿಕೇರಿ ಸಂತೆ. ನನ್ನ ಹೆಂಡತಿ ಮಕ್ಕಳಿಬ್ಬರನ್ನೂ ಹತ್ತಿಸಿಕೊಂಡು ಕಾರು ತೆಗೆದಳು. ದೆಹಲಿ ನಿಯಮದಂತೆ ಅವಳಿಗೆ ವಿನಾಯಿತಿ. ನಾನೂ ಬಾಗಿಲು ತೆಗೆದೆ.

“ನಿಮಗಿಲ್ಲ,” ಎಂದಳು. “ಹನ್ನೆರಡರ ಒಳಗಿನವರಿಗೆ ಮಾತ್ರ. ಬುದ್ಧಿ ಲೆಕ್ಕ ಹಿಡಿದ್ರೆ ಕೂರಿಸ್ಕೊಳ್ಬಹುದಿತ್ತು, ಆದ್ರೆ ಮೀಸೆ ಇದೆ.”

ನಾನು ಮಳೆಯಲ್ಲಿ ಬಸ್ಸಿಗೆ ಕಾದೆ. ಬಂದ ಬಸ್ಸಿನಲ್ಲಿ ಒಂದು ಕಾಲಿಡಲು ಮಾತ್ರ ಜಾಗವಿತ್ತು. ಇನ್ನೊಂದು ಕಾಲನ್ನು ಯಾರದೋ ಎಲೆಕೋಸಿನ ಚೀಲದ ಮೇಲಿಟ್ಟೆ. ಚೀಲದ ಒಡತಿ ಪೇಟೆ ಬರುವವರೆಗೂ ನನ್ನ ವಂಶದ ಬಗ್ಗೆ ಮಾತಾಡಿದರು. ವಿನಾಯಿತಿ ಹಂಚುವವರು ಬಸ್ಸನ್ನೂ ಜಾಸ್ತಿ ಮಾಡಬೇಕು ಎನ್ನುವುದು ನನಗೆ ಒಂಟಿ ಕಾಲಿನಲ್ಲಿ ಹೊಳೆದ ವಿಚಾರ. ದೆಹಲಿಯವರಿಗೆ ಇದು ಮೊದಲೇ ಗೊತ್ತಿತ್ತು. ಅವರು ಶಾಲೆಗಳಿಗೆ ರಜೆ ಕೊಟ್ಟು ಶಾಲೆ ಬಸ್ಸುಗಳನ್ನೂ ಓಡಿಸಿದ್ದರು.

ಅತ್ತ ಚಿಕ್ಕಪ್ಪ, ಕೆಟ್ಟ ಪಂಪಿನ ಮೋಟಾರನ್ನು ಜೀಪಿನಲ್ಲಿಟ್ಟುಕೊಂಡು ರಿಪೇರಿಗೆ ಹೊರಟವರು ಗೇಟಿನಲ್ಲೇ ಸಿಕ್ಕಿಬಿದ್ದರು. “ಇದು ರೋಗಿ, ತುರ್ತು ಸೇವೆ” ಎಂದು ವಾದಿಸಿದರು. ಚಿಕ್ಕಮ್ಮ ಮೋಟಾರಿನ ನಾಡಿ ಹಿಡಿದು ನೋಡಿ, 2000 ವಸೂಲಿ ಮಾಡಿದರು.

ಜಕಾರ್ತದ ಕಥೆ ಹೇಳಿದ್ದೂ ಭಾವನೇ. ಅಲ್ಲಿ ಮೊದಲು, ದಟ್ಟಣೆಯ ಹೊತ್ತಿನಲ್ಲಿ ಕಾರಿನಲ್ಲಿ ಕನಿಷ್ಠ ಮೂರು ಜನ ಇರಬೇಕಿತ್ತು. ಆಗ ರಸ್ತೆ ಬದಿಯಲ್ಲಿ ಬಾಡಿಗೆ ಪ್ರಯಾಣಿಕರು ನಿಲ್ಲತೊಡಗಿದರು. ದುಡ್ಡು ಕೊಟ್ಟರೆ ಕಾರಿನಲ್ಲಿ ಸುಮ್ನೆ ಕೂತು ಬರುತ್ತಿದ್ದರು. ಕೊನೆಗೆ 2016ರಲ್ಲಿ ಅದನ್ನು ಕೈಬಿಟ್ಟು ಅವರೂ ಸಮ-ಬೆಸಕ್ಕೆ ಬಂದರು. ಸುಮ್ಮನೆ ಕೂರಲು ಸಂಬಳ ಎಂದಾಗ ನಮ್ಮ ಮನೆಯ ಗಂಡಸರೆಲ್ಲ ಒಮ್ಮೆ ನಿಟ್ಟುಸಿರು ಬಿಟ್ಟೆವು.

ಭಾವ ಅಲ್ಲಿಗೇ ನಿಲ್ಲಿಸಬೇಕಿತ್ತು. ಮೆಕ್ಸಿಕೋ ನಗರದ ವಿಷಯವನ್ನೂ ಹೇಳಿಬಿಟ್ಟರು. ಅಲ್ಲಿ 1989ರಿಂದ, ನಂಬರಿನ ಕೊನೆಯ ಅಂಕಿ ನೋಡಿ, ವಾರದಲ್ಲಿ ಒಂದು ದಿನ ಕಾರನ್ನು ಮನೆಯಲ್ಲೇ ನಿಲ್ಲಿಸುವ ನಿಯಮ. ಜನ ಏನು ಮಾಡಿದರು? ಬೇರೆ ನಂಬರಿನ ಇನ್ನೊಂದು ಕಾರು ಕೊಂಡರು. ಅದೂ ಹೊಗೆ ಕಾರುವ ಹಳೇ ಕಾರು.

ಚಿಕ್ಕಪ್ಪನ ಮುಖ ಅರಳಿತು. ಮರುದಿನವೇ ಕುಶಾಲನಗರದ ಒಬ್ಬ ಬ್ರೋಕರಿಗೆ ಫೋನು ಹೋಯಿತು. ಒಂದು ಹಳೇ ಜೀಪು ಇದೆಯಂತೆ, ನಂಬರಿನ ಕೊನೆಯಲ್ಲಿ ಸೊನ್ನೆ.

“ಸೊನ್ನೆ ಸಮವಾ, ಬೆಸವಾ?” ಎಂದು ನನ್ನನ್ನು ಕೇಳಿದರು.

“ಸಮ. ದೆಹಲಿಯಲ್ಲೂ ಹಾಗೇ ಹಿಡಿದದ್ದು.”

“ಹಾಗಾದ್ರೆ ತಗೊಳ್ಳೋದೇ!”

ಚಿಕ್ಕಮ್ಮ ಒಳಗಿನಿಂದಲೇ ಕೇಳಿದರು, “ನಿಲ್ಲಿಸೋದು ಎಲ್ಲಿ?”

“ಕಣದಲ್ಲಿ ಜಾಗ ಇದೆಯಲ್ಲ.”

“ಕಾಫಿ ಹರಡೋ ಕಣದಲ್ಲಿ ಜೀಪು ನಿಂತ್ರೆ, ಸಮ ದಿನ ಎರಡು ಚಕ್ರದ ಗಾಳಿ ಬಿಡ್ತೇನೆ. ಬೆಸ ದಿನ ಉಳಿದೆರಡರದ್ದು.”