ಗ್ಲೌಸು ಹಾಕಿಕೊಂಡು ಬೆರಳು ನೆಕ್ಕುವವರು

ಕೈಗೆ ನೀಲಿ ಗ್ಲೌಸು. ಮಾಸ್ಕೂ ಇದೆ, ಆದರೆ ಅದು ಗದ್ದದ ಕಾವಲಿಗೆ. ಗಿರಾಕಿ ಕೊಟ್ಟ ಐನೂರರ ನೋಟು ಗಲ್ಲಾಪೆಟ್ಟಿಗೆ ಸೇರಿತು, ಈಗ ಚಿಲ್ಲರೆ ಕೊಡಬೇಕು. ನೋಟಿನ ಕಟ್ಟು ಎಡಗೈಗೆ ಬಂತು, ಬಲಗೈ ಹೆಬ್ಬೆರಳು ಗ್ಲೌಸಿನ ಸಮೇತ ಸೀದಾ ನಾಲಗೆಗೆ ಹೋಯಿತು. ಒಂದು ನೆಕ್ಕು, ಎರಡು ನೋಟು. ಇನ್ನೊಂದು ನೆಕ್ಕು, ಮತ್ತೆರಡು. ಬೇಳೆ ಹಾಕುವ ಕವರಿನ ಬಾಯಿ ಬಿಡಿಸಲು ಮಗದೊಂದು. ಸಾಲದ್ದಕ್ಕೆ ಒಳಕ್ಕೆ ಉಫ್ ಎಂದು ಊದಿ ಅದರ ಹೊಟ್ಟೆ ಉಬ್ಬಿಸಿದ್ದೂ ಆಯಿತು. “ಹುಷಾರಾಗಿರ್ಬೇಕು ಸಾರ್, ಮತ್ತೆ ಏನೋ ವೈರಸ್ ಬಂದಿದ್ಯಂತೆ” ಎಂದು ಅದೇ ಕೈಯಲ್ಲಿ ಮೂಗು ಉಜ್ಜಿಕೊಂಡು, ಅದೇ ಕೈಯಲ್ಲಿ ಬೇಳೆ ಕೊಟ್ಟರು.

ಯಾವ ಬೀದಿಯ ಅಂಗಡಿ ಎಂದು ಕೇಳಬೇಡಿ, ನಿಮ್ಮ ಬೀದಿಯಲ್ಲೂ ಇದೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ಸು ಕಂಡಿತೆಂದು ಟಿವಿಯಲ್ಲಿ ಕೆಂಪು ಪಟ್ಟಿ ಓಡಿದ್ದೇ ತಡ, ಅಟ್ಟ ಸೇರಿದ್ದ ಗ್ಲೌಸಿನ ಡಬ್ಬಗಳು ಕೆಳಗಿಳಿದವು. ಆ ವೈರಸ್ಸನ್ನು ನೆದರ್‌ಲೆಂಡ್ಸಿನವರು 2001ರಲ್ಲೇ ಗುರುತಿಸಿದ್ದರು. ಅದು ನಮ್ಮ ಮಕ್ಕಳ ನೆಗಡಿಯಲ್ಲಿ ಸದ್ದಿಲ್ಲದೆ ಬಂದು ಹೋಗುತ್ತಲೇ ಇತ್ತು. ಇರಲಿ. ಸುದ್ದಿ ಯಾವುದಾದರೂ ನಮ್ಮಲ್ಲಿ ಮೊದಲು ರಕ್ಷಣೆ ಸಿಗುವುದು ಕೈಗೆ.

ರಕ್ಷಣೆ ಬೇಕಾದದ್ದು ಕೈಗಲ್ಲವೇ ಅಲ್ಲ, ಅದೇ ತಮಾಷೆ. ಕೊರೊನಾ ಆಗಲಿ ಫ್ಲೂ ಆಗಲಿ ಅಂಗೈ ಚರ್ಮ ಕೊರೆದುಕೊಂಡು ಒಳಗೆ ಹೋಗುವುದಿಲ್ಲ. ಅವುಗಳಿಗಿರುವ ಬಾಗಿಲು ಕಣ್ಣು, ಮೂಗು, ಬಾಯಿ. ಕೈ ಬರೀ ಆಟೋ. ಎಲ್ಲೋ ಹತ್ತಿಸಿಕೊಂಡು ಬಾಗಿಲ ಮುಂದೆ ಇಳಿಸುತ್ತದೆ. ಗ್ಲೌಸು ಹಾಕುವುದೆಂದರೆ ಆಟೋಗೆ ಹೊಸ ಟಾಪು ಹಾಕಿಸಿದ ಹಾಗೆ, ಬಾಡಿಗೆ ಓಡುವುದೇನೂ ನಿಲ್ಲುವುದಿಲ್ಲ.

ಎಷ್ಟು ಬಾಡಿಗೆ ಓಡುತ್ತದೆ ಎಂಬ ಲೆಕ್ಕವೂ ಇದೆ. ಸಿಡ್ನಿಯಲ್ಲಿ 26 ವೈದ್ಯಕೀಯ ವಿದ್ಯಾರ್ಥಿಗಳನ್ನು ತರಗತಿಯಲ್ಲಿ ಕೂರಿಸಿ ವಿಡಿಯೊ ಮಾಡಿ ಎಣಿಸಿದರು. 2015ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಒಬ್ಬೊಬ್ಬರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರು, ಅದರಲ್ಲಿ ಶೇಕಡಾ 44ರಷ್ಟು ಸಲ ಕೈ ಹೋಗಿದ್ದು ಕಣ್ಣು, ಮೂಗು, ಬಾಯಿಗೇ. ಅವರು ನಾಳೆ ಡಾಕ್ಟರಾಗುವವರು. ದಿನಸಿ ಅಂಗಡಿಯವರನ್ನು ಬೈದು ಏನು ಪ್ರಯೋಜನ?

ಆದರೂ ಸ್ವಲ್ಪ ಬೈಯೋಣ, ಏಕೆಂದರೆ ಆ ನೆಕ್ಕುವಿಕೆಯಲ್ಲಿ ಗ್ಲೌಸಿನದೂ ಪಾಲಿದೆ. ಗ್ಲೌಸಿನಲ್ಲಿ ಎಸ್, ಎಂ, ಎಲ್ ಎಂದು ಅಳತೆಗಳಿವೆ. ನಮ್ಮವರು ತರುವುದು ಒಂದೇ ಡಬ್ಬ, ಯಜಮಾನರ ಅಳತೆಗೆ ಎಲ್. ಅದನ್ನೇ ಅವರ ಹೆಂಡತಿ, ಮಗ, ಮೂಟೆ ಹೊರುವ ಹುಡುಗ ಎಲ್ಲರೂ ಹಾಕಿಕೊಳ್ಳಬೇಕು. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ರಬ್ಬರು ಜೋಲುತ್ತಿರುತ್ತದೆ. ಆ ಜೋಲುವ ತುದಿಗೆ ನೋಟಿನ ಅಂಚು ಸಿಗುವುದಿಲ್ಲ. ಹೋಟೆಲಿನಲ್ಲಿ ಕೊಡುವ ಪಾರದರ್ಶಕ ಪ್ಲಾಸ್ಟಿಕ್ ಗ್ಲೌಸಾದರೆ ಕೇಳುವುದೇ ಬೇಡ, ಅದರಲ್ಲಿ ನೋಟು ಜಾರುತ್ತದೆ, ಕವರು ಜಾರುತ್ತದೆ, ಕೊನೆಗೆ ಗ್ಲೌಸೇ ಜಾರಿ ಅವಲಕ್ಕಿ ಡಬ್ಬಕ್ಕೆ ಬೀಳುತ್ತದೆ. ಹಾಗಾಗಿ ಬರಿಗೈಯಲ್ಲಿ ಒಂದು ನೆಕ್ಕಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಮೂರು ನೆಕ್ಕು ಬೇಕು. ಬೆಳಗಿನಿಂದ ಅಂಗಡಿಗೆ ಬಂದವರೆಲ್ಲರ ನೋಟಿನ ಮೇಲಿದ್ದದ್ದು ಗ್ಲೌಸಿಗೆ, ಗ್ಲೌಸಿನಿಂದ ನಾಲಗೆಗೆ. ನಾಲಗೆಯದು ಮತ್ತೆ ನೋಟಿಗೆ, ಅಲ್ಲಿಂದ ನಮ್ಮ ಜೇಬಿಗೆ. ಇಡೀ ಬಡಾವಣೆಯನ್ನು ಒಬ್ಬ ಮನುಷ್ಯ ಹೀಗೆ ಒಂದುಗೂಡಿಸಿದ್ದು ಗಣೇಶೋತ್ಸವದಲ್ಲೂ ನಡೆದಿಲ್ಲ.

ಇದಕ್ಕೆ ಮದ್ದು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಎಂದಿನಿಂದಲೋ ಕೂತಿದೆ. ದುಂಡನೆ ಪುಟ್ಟ ಡಬ್ಬ, ಅದರೊಳಗೆ ಒಂದು ತುಂಡು ಸ್ಪಾಂಜು, ಸ್ಪಾಂಜಿಗೆ ನೀರು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಗ್ಲೌಸಿನ ಡಬ್ಬಕ್ಕಿಂತ ಅಗ್ಗ. ದಿನಾ ನೀರು ಬದಲಾಯಿಸಬೇಕು, ಇಲ್ಲವಾದರೆ ವಾರದೊಳಗೆ ಅದೂ ನಾರುತ್ತದೆ.

ಇನ್ನು ಗ್ಲೌಸಿನ ದೊಡ್ಡ ತೊಂದರೆ ತೂತಲ್ಲ, ಮೌನ. ತೂತಿನ ವಿಷಯಕ್ಕೆ ಕಾರ್ಖಾನೆಯಲ್ಲೇ ಮಾದರಿ ಗ್ಲೌಸಿಗೆ 1 ಲೀಟರ್ ನೀರು ತುಂಬಿಸಿ, 2 ನಿಮಿಷ ತೂಗುಹಾಕಿ ಸೋರುತ್ತದೆಯೇ ಎಂದು ನೋಡುತ್ತಾರೆ. ಮೌನಕ್ಕೆ ಅಂಥ ಪರೀಕ್ಷೆಯಿಲ್ಲ. ಬರಿಗೈಗೆ ಬೆಲ್ಲ ಅಂಟಿದರೆ, ಬೆವರು ಹತ್ತಿದರೆ, ಪಕ್ಕದವರು ಸೀನಿದ ಕಂಬಿ ಒದ್ದೆಯಾಗಿ ಸಿಕ್ಕಿದರೆ, ಚರ್ಮ ತಕ್ಷಣ ಗೊಣಗುತ್ತದೆ. ನಲ್ಲಿ ಹುಡುಕುವವರೆಗೆ ಬಿಡುವುದಿಲ್ಲ. ಗ್ಲೌಸು ಹಾಕಿದ ಕೈ ಏನೂ ಹೇಳುವುದಿಲ್ಲ. ಹೊರಗೆ ಏನೇ ಮೆತ್ತಿರಲಿ, ಒಳಗೆ ಬೆರಳುಗಳು ‘ನಾವು ಶುದ್ಧ’ ಎಂದು ತಮ್ಮದೇ ಬೆವರಲ್ಲಿ ನೆನೆಯುತ್ತಾ ಕೂತಿರುತ್ತವೆ. ಮನೆಗೆ ಬಂದು ಗ್ಲೌಸು ಬಿಚ್ಚಿದ ಮೇಲೆ ಕೈ ತೊಳೆಯುವುದು ಯಾಕೆ, ಮುಟ್ಟಿದ್ದು ಗ್ಲೌಸಲ್ಲವೇ! ಜನಸಾಮಾನ್ಯರು ಹೊರಗೆ ಗ್ಲೌಸು ಹಾಕಿ ಓಡಾಡುವುದಕ್ಕಿಂತ ಬರಿಗೈ ತೊಳೆದುಕೊಳ್ಳುವುದೇ ಹೆಚ್ಚು ರಕ್ಷಣೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಆಗ ನಾವು ನಂದಿನಿ ಪ್ಯಾಕೆಟ್ಟಿಗೆ ಸೋಪು ಹಚ್ಚುವ ಗಡಿಬಿಡಿಯಲ್ಲಿದ್ದೆವು.

ಆ ಗಡಿಬಿಡಿಗೂ ಒಂದು ಕಾರಣವಿತ್ತು. ಕೊರೊನಾ ವೈರಸ್ಸು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆವರೆಗೆ ಉಳಿಯಬಲ್ಲದೆಂದು 2020ರ ಮಾರ್ಚಿನಲ್ಲಿ ಅಮೆರಿಕದ ಪ್ರಯೋಗಾಲಯವೊಂದರ ವರದಿ ಬಂತು. ಅದೇ ವರದಿಯಲ್ಲಿ, ಪ್ಲಾಸ್ಟಿಕ್ಕಿನ ಮೇಲೆ ಸುಮಾರು 7 ಗಂಟೆಗೊಮ್ಮೆ ಅದು ಅರ್ಧಕ್ಕರ್ಧ ಸಾಯುತ್ತಾ ಹೋಗುತ್ತದೆ ಎಂಬುದೂ ಇತ್ತು. ನಮ್ಮ ವಾಟ್ಸಾಪ್ ಅಷ್ಟು ದೂರ ಓದಲಿಲ್ಲ. ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೊರೊನಾ ಅಂಟುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಅಂದಾಜು ಮಾಡಿತು. ಅಂದರೆ ಅದು ಬರುವುದು ಹೆಚ್ಚಾಗಿ ಉಸಿರಿನ ದಾರಿಯಲ್ಲಿ, ಗದ್ದಕ್ಕಿಳಿದ ಆ ಮಾಸ್ಕೇ ಮೇಲಿರಬೇಕಿತ್ತು.

ಗ್ಲೌಸಿನ ಹುಟ್ಟು ನೋಡಿದರೆ ಇನ್ನೂ ಮಜಾ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889ರ ಸುಮಾರಿಗೆ ಕೆರೊಲಿನ್ ಹ್ಯಾಂಪ್ಟನ್ ಎಂಬ ನರ್ಸಿಗೆ, ಕೈ ಅದ್ದಬೇಕಿದ್ದ ಪಾದರಸದ ಲವಣದ ದ್ರಾವಣದಿಂದ ಚರ್ಮ ಕಿತ್ತು ಬರುತ್ತಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಆಕೆಗಾಗಿ ಗುಡ್‌ಇಯರ್ ರಬ್ಬರ್ ಕಂಪನಿಯಲ್ಲಿ ತೆಳ್ಳನೆಯ ಗ್ಲೌಸು ಮಾಡಿಸಿದರು. 1890ರಲ್ಲಿ ಇಬ್ಬರ ಮದುವೆಯೂ ಆಯಿತು. ರೋಗಾಣುವಿನ ಯೋಚನೆ ಅದರಲ್ಲಿ ಬಂದದ್ದು ಆಮೇಲೆ. ಮೊದಲು ಬಂದದ್ದು ಆಕೆಯ ಕೈಯ ಯೋಚನೆ.

ಹಾಕಿಕೊಳ್ಳಲೇಬೇಕು ಎನ್ನುವವರು ಬಿಚ್ಚುವುದನ್ನು ಮೊದಲು ಕಲಿಯಬೇಕು. ನಮ್ಮಲ್ಲಿ ರೂಢಿಯಲ್ಲಿರುವ ವಿಧಾನವೆಂದರೆ ಮಧ್ಯದ ಬೆರಳಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುವುದು. ಅದು ಬೇಡ. ಬಲಗೈಯಿಂದ ಎಡಗೈ ಗ್ಲೌಸಿನ ಹೊರಮೈಯನ್ನು ಮಣಿಕಟ್ಟಿನ ಹತ್ತಿರ ಚಿವುಟಿ ಹಿಡಿದು, ಚರ್ಮಕ್ಕೆ ತಾಗದಂತೆ, ಒಳಮೈ ಹೊರಗಾಗುವ ಹಾಗೆ ಸುಲಿಯಿರಿ. ಸುಲಿದದ್ದನ್ನು ಬಲ ಮುಷ್ಟಿಯಲ್ಲೇ ಮುದುಡಿ ಇಟ್ಟುಕೊಳ್ಳಿ. ಈಗ ಎಡಗೈ ಬರಿಗೈ. ಅದರ ಎರಡು ಬೆರಳನ್ನು ಬಲಗೈ ಗ್ಲೌಸಿನ ಅಂಚಿನ ಒಳಗೆ ತೂರಿಸಿ, ಹೊರಮೈ ಮುಟ್ಟದೆ, ಬೆರಳ ಕಡೆಗೆ ತಳ್ಳಿ. ಮೊದಲ ಗ್ಲೌಸು ಎರಡನೆಯದರ ಹೊಟ್ಟೆಯೊಳಗೆ ಸೇರಿ ಒಂದು ಗಂಟಾಗುತ್ತದೆ. ಗಂಟು ಕಸಕ್ಕೆ, ಕೈ ನಲ್ಲಿಗೆ. ಅವಸರದಲ್ಲಿ ಪಟಾರನೆ ಎಳೆದರೆ ರಬ್ಬರು ಚಿಮ್ಮಿ ಹನಿ ಹಾರುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಹೊಳೆಯುವ ಲೋಷನ್ ಹಚ್ಚಿ ಪರೀಕ್ಷಿಸಿದಾಗ, ದಿನಾ ಗ್ಲೌಸು ಹಾಕುವ ಸಿಬ್ಬಂದಿಯೇ ಬಿಚ್ಚುವಾಗ ಅರ್ಧಕ್ಕಿಂತ ಹೆಚ್ಚು ಸಲ ಮೈಗೆ ಬಳಿದುಕೊಂಡಿದ್ದರು.

ಗ್ಲೌಸಿನ ಮೇಲೇ ಸ್ಯಾನಿಟೈಸರ್ ಉಜ್ಜುವವರಿದ್ದಾರೆ. ಸ್ಪಿರಿಟ್ಟು ಸೋಕಿ ಸೋಕಿ ತೆಳು ಗ್ಲೌಸು ಹಾಳಾಗುತ್ತದೆ. ಅಷ್ಟು ಸ್ಯಾನಿಟೈಸರ್ ಇದ್ದರೆ ಕೈಗೇ ಹಾಕಿಕೊಳ್ಳಬಹುದಲ್ಲ: ಅಂಗೈ ತುಂಬುವಷ್ಟು, ಶೇಕಡಾ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವಂಥದ್ದು, ಒಣಗುವವರೆಗೆ 20ರಿಂದ 30 ಸೆಕೆಂಡು. ವಾಂತಿಭೇದಿ ತರುವ ನೊರೊವೈರಸ್ಸಿಗೆ ಅದೂ ಅಷ್ಟಾಗಿ ಬಗ್ಗದು, ಅಲ್ಲಿ ಸೋಪು, ನೀರು ಬೇಕೇ ಬೇಕು. ಕೊರೊನಾ, ಫ್ಲೂಗಳ ಮೇಲಿರುವುದು ಕೊಬ್ಬಿನ ಪೊರೆ. ಹತ್ತು ರೂಪಾಯಿ ಸೋಪು ಅದನ್ನು ಒಡೆದು ಹಾಕುತ್ತದೆ. ಹೆಬ್ಬೆರಳು, ಬೆರಳ ಸಂದು, ಉಗುರಿನ ತುದಿ, ಇವು ಮೂರು ಎಲ್ಲರೂ ಬಿಟ್ಟುಬಿಡುವ ಜಾಗ. ನೋಟು ಎಣಿಸುವುದು ಆ ಹೆಬ್ಬೆರಳೇ.

ಗ್ಲೌಸು ನಿಜವಾಗಿ ಬೇಕಾದ ಜಾಗ ಮನೆಯೊಳಗಿದೆ. ಮಲಗಿದವರ ವಾಂತಿ ಒರೆಸುವಾಗ, ಬೆಡ್‌ಪ್ಯಾನ್ ತೆಗೆಯುವಾಗ, ರಕ್ತ ಸೋರುವ ಗಾಯ ಮುಟ್ಟುವಾಗ, 1 ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಕಕ್ಕಸು ತೊಳೆಯುವಾಗ. (ಅದಕ್ಕೆ ಆ್ಯಸಿಡ್ ಬೆರೆಸಬೇಡಿ, ವಿಷಾನಿಲ ಏಳುತ್ತದೆ.) ಒಂದು ಕೆಲಸ, ಒಂದು ಜೊತೆ, ಬಿಚ್ಚಿ ಬಿಸಾಕು.

2021ರಲ್ಲಿ ಬ್ರೆಜಿಲ್ಲಿನ ನರ್ಸುಗಳು ಇನ್ನೊಂದು ಉಪಯೋಗ ಕಂಡುಕೊಂಡಿದ್ದರು. ಎರಡು ಗ್ಲೌಸಿಗೆ ಬೆಚ್ಚನೆ ನೀರು ತುಂಬಿ, ಬಾಯಿ ಕಟ್ಟಿ, ಐಸಿಯುನಲ್ಲಿ ಒಂಟಿಯಾಗಿ ಮಲಗಿದ್ದವರ ತಣ್ಣನೆಯ ಕೈಗೆ ಮೇಲೊಂದು ಕೆಳಗೊಂದು ಇಟ್ಟರು. ಕೈ ಬೆಚ್ಚಗಾಗಲಿ, ಯಾರೋ ಹಿಡಿದಿದ್ದಾರೆ ಅನಿಸಲಿ ಎಂದು. ಆಗ ನಮ್ಮೂರುಗಳಲ್ಲೂ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಕೈಯನ್ನು ಕೊನೇ ಸಲ ಹಿಡಿದದ್ದು ರಬ್ಬರಿನ ಮೂಲಕವೇ. ಅದೂ ಸಿಗದವರು ಇನ್ನೆಷ್ಟೋ.

ಅಂಥ ವಸ್ತುವನ್ನು ತಂದು ಉಪ್ಪು, ಮೆಣಸಿನಪುಡಿ, ಸೀಮೆಸುಣ್ಣ, ಸೈಕಲ್ ಪಂಪು ಎಲ್ಲಕ್ಕೂ ಒಂದೇ ಜೊತೆ ಎಂದು ನಾಲ್ಕು ದಿನ ಹಾಕುತ್ತೀರಲ್ಲ, ಬದಲಾಯಿಸಬಾರದೇ ಎಂದು ಗಲ್ಲಾದ ಮುಂದೆ ನಿಂತು ಮೆಲ್ಲಗೆ ಕೇಳಿ ನೋಡಿ. ಎರಡೂ ಕೈ ಎತ್ತಿ ಬೆಳಕಿಗೆ ಹಿಡಿದು ತೋರಿಸುತ್ತಾರೆ.

“ಯಾಕ್ ಸಾರ್, ಎಲ್ಲೂ ಹರಿದಿಲ್ಲ ನೋಡಿ. ರಾತ್ರಿ ತಾನೇ ಸರ್ಫಲ್ಲಿ ನೆನೆಸಿ ಒಗೆದಿದ್ದೀನಿ.”