ಶರಾವತಿಯಲ್ಲಿ ಊರಿನ ಪಾಲೆಷ್ಟು?

ದೇಶದ ಶೇ 40ರಷ್ಟು ಸಂಪತ್ತು ಶೇ 1ರಷ್ಟು ಜನರ ಕೈಯಲ್ಲಿದೆ ಎಂದು ಅರ್ಥಶಾಸ್ತ್ರಜ್ಞ ತೋಮಾ ಪಿಕೆಟಿ ಮತ್ತು ಸಂಗಡಿಗರು 2024ರಲ್ಲಿ ಲೆಕ್ಕ ಕೊಟ್ಟರು. ಅಂದಿನಿಂದ ಸಾಗರದ ಗೆಳೆಯರು ಫೋನ್ ಮಾಡಿದಾಗಲೆಲ್ಲ ಇಬ್ಬರು ಗುಜರಾತಿ ಉದ್ಯಮಿಗಳನ್ನು ಬೈದು, ಆಮೇಲೆ ಅಡಿಕೆ ಧಾರಣೆಗೆ ಬರುತ್ತಾರೆ. ಬೈಯಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ಸೀಮೆಯಿಂದ ಹೆಚ್ಚು ಕಿತ್ತುಕೊಂಡವರು ಆ ಇಬ್ಬರಲ್ಲ.

ಭೂಮಿಯ ವಿಷಯದಲ್ಲಿ ನಾವು ತಲೆ ಎತ್ತಿ ಮಾತನಾಡಬಹುದು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವನ್ನೇ ಪ್ರಶ್ನಿಸಿ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ದೀವರ ಸಮುದಾಯದ ಗೇಣಿದಾರರು ಜಮೀನ್ದಾರರ ಎದುರು ನಿಂತರು. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ದೇವರಾಜ ಅರಸು ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದು, ಉಳುವವರು ಒಡೆಯರಾದರು. ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಾಗಿಲು ತೆರೆದ 2020ರ ತಿದ್ದುಪಡಿ ಆ ಕೆಲಸವನ್ನು ಒಂದಿಷ್ಟು ಹಿಂದಕ್ಕೆ ಎಳೆದಿದೆ, ಆ ಮಾತು ಬೇರೆ. ನೆಲವನ್ನು ಹಂಚಿದ ಅದೇ ಸರ್ಕಾರಗಳು ನೀರನ್ನು ಮಾತ್ರ ಹಂಚಲಿಲ್ಲ.

ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳು ದಶಕಗಟ್ಟಲೆ ಈ ವಿದ್ಯುತ್ತನ್ನು ಉಂಡು ಬೆಳೆದವು. ಗದ್ದೆ ತೋಟ ಮುಳುಗಿದ ಎಷ್ಟೋ ಮನೆಯವರು, ಬದಲಿಗೆ ಸಿಕ್ಕಿದ ನೆಲ ಕಂದಾಯವೋ ಅರಣ್ಯವೋ ಎಂಬ ಜಗಳದ ನಡುವೆ, ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ತುಮರಿಯವರಿಗೆ ಹಿನ್ನೀರು ದಾಟಲು ಲಾಂಚ್ ಕಾಯುವುದು ತಪ್ಪಿದ್ದು 2025ರಲ್ಲಿ, ಸಿಗಂದೂರು ಸೇತುವೆ ಆದಮೇಲೆ. ಇದನ್ನೆಲ್ಲ ಮಾಡಿದ್ದು ಯಾವ ಕುಬೇರನೂ ಅಲ್ಲ, ನಾವೇ ಮತ ಹಾಕಿ ಕೂರಿಸಿದ ಸರ್ಕಾರ.

ನಾನಿರುವುದು ನಾರ್ವೆಯ ಬರ್ಗೆನ್‌ನಲ್ಲಿ. ಮಳೆಯ ಮಟ್ಟಿಗೆ ಆಗುಂಬೆಯ ದಾಯಾದಿ ಎನ್ನಬಹುದಾದ ಊರು. ಇದೇ ಪಶ್ಚಿಮ ಕರಾವಳಿಯ ಸೀಮೆಯಲ್ಲಿ ಐಡ್‌ಫಿಯೋರ್ಡ್ ಎಂಬ ಪುಟ್ಟ ಪುರಸಭೆಯಿದೆ. ಜನಸಂಖ್ಯೆ ಸಾವಿರದ ಆಸುಪಾಸು. ಅಲ್ಲಿನ ಸೀಮಾ ವಿದ್ಯುದಾಗಾರ 1,120 ಮೆಗಾವಾಟಿನದು, ಅಂದರೆ ಹೆಚ್ಚುಕಡಿಮೆ ನಮ್ಮ ಶರಾವತಿಯಷ್ಟೇ. ಜೋಗದಂತೆ ಅಲ್ಲಿನ ವೋರಿಂಗ್ಸ್‌ಫೋಸೆನ್ ಜಲಪಾತವೂ ವಿದ್ಯುತ್ತಿಗಾಗಿ ಸೊರಗಿದೆ. ಬೇಸಿಗೆಯಲ್ಲಿ ಪ್ರವಾಸಿಗರಿಗೆಂದು ಅಳೆದು ನೀರು ಬಿಡುತ್ತಾರೆ. ಒಡೆತನವೂ ಬಹುಪಾಲು ಸರ್ಕಾರಿ ಕಂಪನಿಯದೇ. ಇಷ್ಟರವರೆಗೆ ಎರಡೂ ಕಥೆ ಒಂದೇ.

ಆದರೆ ನೀರು ಕೊಟ್ಟ ಊರಿನ ಪುರಸಭೆಗಳಿಗೆ ಉತ್ಪಾದನೆಯ ಶೇ 10ರವರೆಗಿನ ವಿದ್ಯುತ್ತನ್ನು ತಯಾರಿಕಾ ವೆಚ್ಚಕ್ಕೇ ಕೊಡಬೇಕೆಂದು ಇಲ್ಲಿ 1917ರಿಂದ ಕಾನೂನಿದೆ. ಅದನ್ನು ಬಳಸಬಹುದು, ಮಾರಿಕೊಳ್ಳಲೂಬಹುದು. ಇದಲ್ಲದೆ ವಿದ್ಯುದಾಗಾರದಿಂದ ಆಸ್ತಿ ತೆರಿಗೆಯೂ ಬರುತ್ತದೆ. ಬಂದ ಹಣ ಶಾಲೆಗೋ, ವೃದ್ಧರ ಆರೈಕೆಗೋ ಎಂದು ತೀರ್ಮಾನಿಸುವವರು ಆ ಊರಿನವರು. ಓಸ್ಲೋದಿಂದ ಬರುವ ಮಂತ್ರಿಗಾಗಿ ಯಾರೂ ಹಾರ ಹಿಡಿದು ಕಾಯುವುದಿಲ್ಲ.

‘ಅದು ಎಣ್ಣೆ ದುಡ್ಡಿನ ದೇಶ ಮಾರಾಯ’ ಎಂಬ ಉತ್ತರ ಗೆಳೆಯರ ಬಳಿ ಸಿದ್ಧವಾಗಿರುತ್ತದೆ. ಎಣ್ಣೆಯ ದೊಡ್ಡ ನಿಕ್ಷೇಪ ಸಿಕ್ಕಿದ್ದು 1969ರಲ್ಲಿ. ಜಲಪಾತಗಳನ್ನು ಕೊಳ್ಳಲು ಬಂದ ವಿದೇಶಿ ಬಂಡವಾಳಗಾರರಿಗೆ ಈ ದೇಶ ಅಡ್ಡ ನಿಂತದ್ದು 1906ರಲ್ಲಿ, ಸ್ವೀಡನ್ನಿನಿಂದ ಬೇರೆಯಾದ ಮರುವರ್ಷವೇ. ಹಾಗೆಂದು ಇವರನ್ನು ದೇವರು ಮಾಡಬೇಕಾಗಿಲ್ಲ. ಆಲ್ಟಾ ನದಿಯ ಯೋಜನೆಯನ್ನು ವಿರೋಧಿಸಿ ಕುಳಿತ ಸಾಮಿ ಬುಡಕಟ್ಟಿನವರನ್ನೂ ಅವರ ಜೊತೆಗಾರರನ್ನೂ 1981ರಲ್ಲಿ ಪೊಲೀಸರಿಂದ ಎತ್ತಿಸಿದವರು ಇವರೇ.

ಇನ್ನು ಅಧಿಕಾರ ನಮ್ಮ ಜಿಲ್ಲೆಗೆ ಸಿಗಲಿಲ್ಲ ಎನ್ನೋಣವೇ? ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ ಮುಖ್ಯಮಂತ್ರಿಗಳಾಗಿದ್ದರು. 2024ರ ಲೋಕಸಭಾ ಚುನಾವಣೆಯಲ್ಲಿ ಶಿವಮೊಗ್ಗದ ಕಣದಲ್ಲಿದ್ದವರು ಒಬ್ಬ ಮಾಜಿ ಮುಖ್ಯಮಂತ್ರಿಯ ಮಗ, ಇನ್ನೊಬ್ಬ ಮಾಜಿ ಮುಖ್ಯಮಂತ್ರಿಯ ಮಗಳು, ಮತ್ತು ಮಗನಿಗೆ ಹಾವೇರಿಯ ಟಿಕೆಟ್ ತಪ್ಪಿತೆಂದು ಬಂಡಾಯವೆದ್ದ ಒಬ್ಬ ತಂದೆ. ಅಧಿಕಾರ ಜಿಲ್ಲೆಗೆ ಧಾರಾಳವಾಗಿ ಬಂದಿದೆ. ಕೆಲವು ಮನೆಗಳ ಹೊಸ್ತಿಲಲ್ಲೇ ನಿಂತಿದೆ, ಅಷ್ಟೇ.

ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ವಿದ್ಯುತ್ ಅಗ್ಗವಿದ್ದಾಗ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಹರಿಸುವ ವ್ಯವಸ್ಥೆ. ಜಾಗ ಸಿಂಗಳೀಕಗಳ ಅಭಯಾರಣ್ಯ. ಆ ಕಾಡಿನ ಕಾರಣಕ್ಕೇ ನಾನು ಇದರ ವಿರೋಧಿ. ಯೋಜನೆಯ ಪರ ಇರುವವರು ಉದ್ಯೋಗ, ರಸ್ತೆ, ಅಭಿವೃದ್ಧಿ ಎಂದು ಆಸೆ ಹುಟ್ಟಿಸುವ ಮೊದಲು ಹಳೆಯ ಬಾಕಿ ತೀರಿಸಲಿ. ಈಗ ನಡೆಯುತ್ತಿರುವ ಶರಾವತಿ ವಿದ್ಯುದಾಗಾರದ ಉತ್ಪಾದನೆಯಲ್ಲಿ ಹಿನ್ನೀರಿನ ಗ್ರಾಮ ಪಂಚಾಯಿತಿಗಳಿಗೆ ಶೇ 10 ಎಂದು ಕಾನೂನಿನಲ್ಲೇ ಬರೆಯಲಿ, ಮುಳುಗಡೆಯವರ ಹಕ್ಕುಪತ್ರ ಕೊಡಲಿ. ಹೊಸದರ ಮಾತು ಆಮೇಲೆ ಆಡೋಣ.